ಬೂದಿ ಹೊಂಡದ ಬಾತುಕೋಳಿ

ಗಣಿಯವರು ಬೇಡವೆಂದು ಎಸೆದ ಕಲ್ಲಿದ್ದಲನ್ನು ಉರಿಸಿ ಕರೆಂಟು ಮಾಡುವ ಸ್ಥಾವರಕ್ಕೆ ಪರವಾನಗಿ ಕೇಳಲು, ಅದರ ಥರ್ಮಾಕೋಲ್ ಮಾದರಿ ಹೊತ್ತುಕೊಂಡು ಪುಣೆಯ ಸರಕಾರಿ ಕಚೇರಿಗೆ ಹೋಗಿದ್ದೆ. ಅಂಥ ಕಲ್ಲಿದ್ದಲು ಉರಿದರೆ ರಾಶಿ ರಾಶಿ ಬೂದಿ. ಅದನ್ನೆಲ್ಲಿ ಹಾಕುತ್ತೀರಿ ಎಂದೇ ಮೊದಲು ಕೇಳುತ್ತಾರೆಂದು ಬೂದಿ ಹೊಂಡದ ಅಳತೆಯನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದೆ.

ಮಾದರಿಯನ್ನು ಬಿಚ್ಚಿ ನೋಡದೆ ಹಾಗೇ ತಂದಿದ್ದೆ. ಅಧಿಕಾರಿಯ ಎದುರು ಮುಚ್ಚಿದ ಬಟ್ಟೆ ಸರಿಸಿದರೆ, ಅದನ್ನು ಮಾಡಿದ, ಪುಣೆಯ ಧನಕವಡಿ ಬಡಾವಣೆಯ ಪುಣ್ಯಾತ್ಮ ಹೊಂಡಕ್ಕೆ ನೀಲಿ ಬಣ್ಣ ಬಳಿದು, ಎರಡು ಬಿಳಿ ಬಾತುಕೋಳಿ ಅಂಟಿಸಿದ್ದ!

ಅಧಿಕಾರಿ ವಿಜಾಪುರದ ಕಡೆಯವರು. ಅಲ್ಲಿಯವರೆಗೆ ಮರಾಠಿ ಮಾತಾಡುತ್ತಿದ್ದವರು, ಅರ್ಜಿಯಲ್ಲಿ ನನ್ನ ಹೆಸರು ನೋಡಿ ಕನ್ನಡಕ್ಕೆ ಬಂದರು. "ಏನ್ರಿ, ಇವು ಬೂದಿ ತಿಂದು ಬದುಕ್ತಾವೇನ್ರಿ?"

"ತಪ್ಪಾತ್ರಿ ಸರ. ನಕ್ಷೆದಾಗ ಇವು ಇಲ್ಲರಿ."

ಅವರು ನಗಲಿಲ್ಲ. ನಕ್ಷೆ ಹಾಸಿಕೊಂಡು ಹೊಂಡದ ಆಳ, ಊರಿನ ಬಾವಿಗಳು ಎಷ್ಟು ದೂರ, ಎಲ್ಲ ಒಂದೊಂದಾಗಿ ನೋಡಿದರು.

"ಹೊಂಡ ಬರೋಬ್ಬರಿ ಅದರಿ, ಏನೂ ತಪ್ಪಿಲ್ಲ. ಪಕ್ಷಿ ಅಷ್ಟು ತೆಗೀರಿ," ಎಂದು ಸಹಿ ಹಾಕಿದರು.

ಅಲ್ಲೇ ಉಗುರಿನಿಂದ ಎರಡನ್ನೂ ಕಿತ್ತು ಜೇಬಿಗೆ ಹಾಕಿಕೊಂಡೆ. ಹೊರಗೆ ಬಂದು ಕುಡಿದ ಚಹಾದಷ್ಟು ರುಚಿಯಾದ ಚಹಾ ಮತ್ತೆ ಕುಡಿದಿಲ್ಲ.

ಮುಂದಿನ ವಾರ ಸಾಲ ಕೊಡುವ ಬ್ಯಾಂಕಿನವರು ಮಾದರಿ ನೋಡಲು ಬರುವವರಿದ್ದರು. ನನ್ನಿಂದ ಈ ಕಥೆ ಕೇಳಿದ್ದ ನಮ್ಮ ಸಾಹೇಬರು ನನ್ನ ಟೇಬಲ್ಲಿಗೆ ಬಂದು ಮೆಲ್ಲಗೆ ಕೇಳಿದರು: "ಕಿತ್ತಿಟ್ಟ ಆ ಬಾತುಕೋಳಿ ಇನ್ನೂ ನಿನ್ನ ಕಡೆ ಅದಾವೇನಪಾ?"