ಓಕ್ ಮೆಟ್ಟಿಲಿನ ಕಪ್ಪು ಕಲೆ

ಮಳವಳ್ಳಿಯ ನಮ್ಮ ಮನೆಯಲ್ಲಿ ಅಟ್ಟಕ್ಕೆ ಹತ್ತುವ ಹೊಸ ಮೆಟ್ಟಿಲುಗಳನ್ನು ನನ್ನಾಕೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒರೆಸಿದಷ್ಟೂ ಮರ ಹೊಳೆಯಬೇಕಲ್ಲವೇ, ನೀವೇ ಹೇಳಿ. ನಮ್ಮದು ಕಪ್ಪಾಯಿತು. ತಿಂಗಳು ತುಂಬುವ ಮೊದಲೇ ಪ್ರತಿ ಮೊಳೆಯ ಸುತ್ತಲೂ ಕಾಸಿನಗಲದ ಕಲೆ.

ಮರವೇನು ಸಾಮಾನ್ಯದ್ದಲ್ಲ. ಶಿವನಸಮುದ್ರದ ಕರೆಂಟು ಕಾರ್ಖಾನೆಯಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬರು ಯುದ್ಧ ಮುಗಿದ ಮೇಲೆ ತಮ್ಮ ನಾಡಿಗೆ ಹೊರಟಾಗ ನನಗೆ ಮಾರಿದ ಬಿಳಿ ಓಕ್ ಮರದ ಊಟದ ಮೇಜು ಅದು. ಒಣಹುಲ್ಲಿನ ಬಣ್ಣ, ತೇಗಕ್ಕಿಂತ ತೂಕ, ಎಳೆಗೆ ಅಡ್ಡಲಾಗಿ ಮಿಂಚುವ ಪಟ್ಟೆ, ನೀರು ಚೆಲ್ಲಿದರೂ ಒಳಗೆ ಬಿಟ್ಟುಕೊಳ್ಳದ ಬಿಗಿಯಾದ ಮೈ. ತುಳಿಸಿಕೊಳ್ಳುವುದಕ್ಕೆ ಇದಕ್ಕಿಂತ ತಕ್ಕ ಮರವಿಲ್ಲವೆಂದು ದೊರೆಯೇ ಹೇಳಿದ್ದರು. ಅದನ್ನು ಕೊಯ್ದು ಮೆಟ್ಟಿಲು ಮಾಡಿದವರು ಪೇಟೆಯ ಬಡಗಿ ಗೌಸ್ ಸಾಬರು. ಉಳಿ ಮೂರು ಸಲ ಮೊಂಡಾಯಿತೆಂದು ಗೊಣಗಿಕೊಂಡೇ ಮಾಡಿದರು.

ಕಲೆ ಕಂಡದ್ದೇ ತಡ, ನನ್ನ ಬುದ್ಧಿಗೆ ಮಂಕು ಕವಿಯಿತು. ಕಾಫಿ ಹೋಟೆಲಿನಲ್ಲಿ ನಾಲ್ಕು ಜನರ ಮುಂದೆ, ಸಾಬರು ದೊರೆಯ ಮರ ಉಳಿಸಿಕೊಂಡು ಯಾವುದೋ ಕಾಡುಮರ ಹೊಡೆದಿದ್ದಾರೆ ಎಂದುಬಿಟ್ಟೆ. ಊರ ಶಾಲೆಯ ಮೇಷ್ಟರಾದ ನನ್ನ ಮಾತು, ನಂಬದವರಾರು? ಪಟೇಲರು ಹೊಸ ಮನೆಯ ಹೆಬ್ಬಾಗಿಲಿನ ಕೆಲಸವನ್ನು ಸಾಬರಿಂದ ತಪ್ಪಿಸಿ ಮದ್ದೂರಿನ ಆಚಾರಿಯೊಬ್ಬನಿಗೆ ಕೊಟ್ಟರು.

ಸುದ್ದಿ ಕಿವಿಗೆ ಬಿದ್ದು ಸಾಬರು ಮನೆಗೆ ಬಂದರು. ಜಗಳವಾಡಲಿಲ್ಲ. ಮೆಟ್ಟಿಲಿನ ಅಡಿಯಿಂದ ಉಳಿಯಲ್ಲಿ ಎರಡು ಚೂರು ಎಬ್ಬಿಸಿ, ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ನನಗೆ ಕೊಟ್ಟರು.

"ಅಗೀರಿ ಮೇಷ್ಟ್ರೇ. ಒಗರು, ಅಳಲೆಕಾಯಿ ಇದ್ದಂಗೆ. ಇಂಥ ಮರಕ್ಕೆ ಕಬ್ಬಿಣ, ನೀರು ಎಲ್ಡೂ ತಾಕುದ್ರೆ ಮಸಿ ಆಗ್ದೆ ಇನ್ನೇನಾದಾತು? ನಂಗೊತ್ತಿರ್ನಿಲ್ಲ, ಮೊಳೆ ಹೊಡೆದಿದ್ದು ನಂದೇ ತಪ್ಪು. ಆದ್ರೆ ಮರ ನಿಮ್ದೇ."

ಚಿಕ್ಕಂದಿನಲ್ಲಿ ಅಳಲೆಕಾಯಿ ಕುದಿಸಿ, ತುಕ್ಕು ಮೊಳೆ ಹಾಕಿ, ಮಸಿ ಮಾಡಿಕೊಂಡು ಬರೆದವನು ನಾನು. ಶಾಲೆಯ ಮಕ್ಕಳಿಗೂ ಅದನ್ನೇ ಕಲಿಸಿದವನು. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಗಟ್ಟಿ ಮರವೆಂದು ಹೊಗಳುತ್ತೇವೆಯೇ ಹೊರತು, ಅದಕ್ಕೂ ಒಗ್ಗದ್ದೊಂದು ಇದ್ದೀತೆಂದು ವಿಚಾರಿಸುವುದಿಲ್ಲ. ಮನುಷ್ಯರ ವಿಷಯದಲ್ಲೂ ಹೆಚ್ಚುಕಡಿಮೆ ಹಾಗೇ.

"ಮೊಳೆಯೆಲ್ಲ ಕಿತ್ತು ಬಿದಿರಿನ ಗೂಟ ಹೊಡ್ಕೊಡ್ತೀನಿ. ಪಟೇಲ್ರಿಗೆ ನೀವೇ ಒಂದ್ಮಾತು ಹೇಳ್ಬುಡಿ," ಎಂದರು ಸಾಬರು.

ಹೋಟೆಲಿಗೆ ಹೋಗಿ ಎಲ್ಲರೆದುರು ತಪ್ಪೊಪ್ಪಿಕೊಂಡೆ. ಅಲ್ಲಿಂದ ಪಟೇಲರ ಮನೆಗೆ. ಅವರು ಪೂರ್ತಿ ಕೇಳಿ, "ಅಯ್ಯೋ, ನಿನ್ನೆನೇ ಬಾಗ್ಲು ನಿಲ್ಸಾಯ್ತಲ್ಲ ಮೇಷ್ಟ್ರೇ," ಎಂದರು.

ಮನೆಗೆ ಮರಳಿದಾಗ ಸಾಬರು ಕೊನೆಯ ಮೆಟ್ಟಿಲಿನಲ್ಲಿದ್ದರು. ವಿಷಯ ಹೇಳಿದೆ. ಅವರು ಗೂಟದ ತಲೆ ಸಮ ಮಾಡುವುದನ್ನು ನಿಲ್ಲಿಸಲಿಲ್ಲ.

"ಆಯ್ತು ಬುಡಿ. ಆ ಬಾಗ್ಲಿಗೆ ಮರ ನಾನೇ ನೋಡಿ ಆರ್ಸಿಟ್ಟಿದ್ದೆ," ಎಂದಷ್ಟೇ ಹೇಳಿ, ಕೆಲಸ ಗಟ್ಟಿಯಾಗಿದೆಯೋ ನೋಡಲು ನನ್ನನ್ನೇ ಹತ್ತಿಸಿದರು. ಹತ್ತಿದೆ. ಒಂದು ಮೆಟ್ಟಿಲೂ ಕಿರುಗುಟ್ಟಲಿಲ್ಲ. ನನ್ನ ಮಾತಿನಿಂದ ಕೆಲಸ ಕಳೆದುಕೊಂಡವರು ನನ್ನ ಮನೆಗೆ ಇಷ್ಟು ಗಟ್ಟಿಯಾಗಿ ಮಾಡಿಕೊಟ್ಟರಲ್ಲ, ಅದನ್ನೇ ನನಗೆ ತಡೆಯಲಾಗಲಿಲ್ಲ.