ಗದ್ದಲ ಅಂತ ಬರದ ಜಾಗಾ

ಹೇಳಿದವರ ಮುಂದ ಅವರ ಮಾತು ಮತ್ತ ಓದಬೇಕು, "ಹೌದು, ನಾ ಅಂದದ್ದು ಇದ" ಅಂತ ಅವರು ಒಪ್ಪಬೇಕು, ಆಮ್ಯಾಲೆ ಅದು ನಂಬೂ ಮಾತು. ನಮ್ಮ ಆರೋಗ್ಯ ಸಂಶೋಧನೆಯೊಳಗ ಇದು ಕಟ್ಟಪ್ಪಣೆ. ಆಫೀಸಿನಾಗ ಕೂತವರಿಗೇನು, ಹೇಳೂದು ಸಸಾರ. ಓದಾಕ ಹೋಗಾಕಿ ನಾನು.

ತೆಲುಗು ನಾಡಿನಾಗ, ಲಿಂಗಂಪಲ್ಲಿ ಆಚೆ ಏಳಾಕತ್ತಿದ್ದ ದೊಡ್ಡ ಬಿಲ್ಡಿಂಗಿನ ಬುಡಕ, ತಗಡಿನ ಶೆಡ್ಡಿನಾಗ, ಯಾದಗಿರಿ ಕಡೀ ಹೆಣ್ಣಮಗಳೊಬ್ಬಾಕಿ ಇದ್ದಳು. ಇಟ್ಟಂಗಿ ಹೊರಾಕಿ. ಮಕ್ಕಳಿಗೆ ಜಡ್ಡಾದಾಗ ಏನೇನು ಅನುಭವಿಸ್ತೀರಿ ಅಂತ ಕೇಳಾಕ ಹೋಗಿದ್ದೆ. ನನ್ನ ಕನ್ನಡ ಕೇಳಿ "ಅಯ್ಯ, ನಮ್ಮಾಕಿ!" ಅಂತ ಚಾಪಿ ಹಾಸಿದಳು. ರೆಕಾರ್ಡಿಂಗ್ ಅಂದಕೂಡ್ಲೇ ಅಂಜಿದಳು.

"ರಜಾ ಕೊಡಂಗಿಲ್ಲಂತ ಮೇಸ್ತ್ರಿನ್ನ ಬೈಯಾಕಿ ನಾನು. ನನ್ನ ದನಿ ಅವನ ಕಿವಿಗೆ ಬಿದ್ರ ಕೆಲಸ ಹೋಗತೈತ್ರಿ ಅಕ್ಕಾರ."

"ಬರಕೊಂಡ ಮ್ಯಾಲೆ ದನಿ ಅಳಿಸಿಬಿಡ್ತೀವವಾ, ನಿನ್ನಾಣಿ," ಅಂದೆ.

ಆಮ್ಯಾಲೆ ಬಾಯಿ ಬಿಟ್ಟಳು. ಆಗಷ್ಟ ಮಾತು ಕಲಿತ ಮಗಳು ತೊಡಿ ಹತ್ತೂದು, ಇಳಿಯೂದು, ನಡುನಡುವ ಬಾಯಿ ಹಾಕೂದು. ಭಾರಿ ಬಾಯಿಬಡಕಿ.

ಮಳಿಗಾಲ ಮುಗದ ಮ್ಯಾಲೆ ಓದಿ ತೋರ್ಸಾಕ ಹೋದೆ. ಹುಡುಗಿ ಎಲ್ಲಿ ಅಂದೆ. ಜ್ವರ ಬಂದಿತ್ತಂತ. ದವಾಖಾನಿ ಮುಟ್ಟೂದ್ರಾಗ ಹೋದಳಂತ. ಇವತ್ತು ಬ್ಯಾಡ ಬಿಡು, ಅಂತ ಏಳಾಕ ಹೋದ್ರ, "ಓದ್ರಿ ಅಕ್ಕಾರ," ಅಂದಳು.

ಓದಿದೆ. ಎಲ್ಲಾದಕ್ಕೂ "ಹೂಂ, ಖರೇ ಐತಿ" ಅಂದಳು. ಮೇಸ್ತ್ರಿನ್ನ ಬೈದದ್ದಕ್ಕೂ ಹೂಂ. ಒಂದು ಕಡೆ "ಗದ್ದಲ" ಅಂತ ಬರದಿತ್ತು, ಓದೂ ಭರಾಟಿಯೊಳಗ ಅದನ್ನೂ ಓದಿಬಿಟ್ಟೆ.

"ಯಾತರ ಗದ್ದಲರಿ? ಅಲ್ಲಿ ನನ್ನ ಮಗಳು 'ಯವ್ವಾ, ಅಕ್ಕಗ ಚಾ ಕೊಡು' ಅಂದಿದ್ದಳು."

ರೆಕಾರ್ಡಿಂಗ್ ಕೇಳಿ ಬರದ ಆ ಆಫೀಸಿನ ಪುಣ್ಯಾತ್ಮನ ಕೈಗೆ ಬೆಂಕಿ ಹಚ್ಚಲಿ! ನನ್ನ ಕೆಮ್ಮು ಸೈತ ಬರದಾನ, ಕೂಸಿನ ಮಾತು ಬಿಟ್ಟಾನ. ಅಲ್ಲೇ ಪೆನ್ನು ತಗದೆ. ಗದ್ದಲ ಅಂತಿದ್ದಲ್ಲೆಲ್ಲಾ ಆಕಿ ಮಗಳ ಮಾತು ಹೇಳಿದಳು, ನಾ ಬರದೆ. ಇಲ್ಲಿ ಬಿಸ್ಕೀಟು ಬೇಡಿದ್ದಳು, ಇಲ್ಲಿ ನಿಮ್ಮ ಕೈಯಾಗಿನ ಬಳಿ ತನಗ ಬೇಕಂದಿದ್ದಳು. ಹೇಳ್ತಾ ಹೇಳ್ತಾ ಒಂದೀಟು ನಕ್ಕಳು.

ಆಮ್ಯಾಲೆ ಸೆರಗಿಲೆ ಮಾರಿ ಒರಸಿಕೊಂಡು ಹತ್ರ ಸರದಳು. "ಈಗ ರೆಕಾರ್ಡಿಂಗ್ ಹಚ್ಚರಿ ಅಕ್ಕಾರ. ನನ್ನ ಮಾತು ಬ್ಯಾಡ, ಅಕಿದಷ್ಟು ಕೇಳಸರಿ. ಫೋಟೋ ಐತಿ, ದನಿ ಇಲ್ಲ."

"ಅಳಿಸಿಬಿಟ್ಟೀವಿ ತಂಗಿ."

ಬೈತಾಳ, ಬೈಲಿ ಅಂತ ಕುಂತೆ. ಬೈಲಿಲ್ಲ.

"ಹೌದಲ್ಲ, ನನ್ನ ಸಲುವಾಗೇ ಅಳಿಸೀರಿ," ಅಂದಳು. ನಾ ಬರದ ಹಾಳಿ ನನ್ನ ಕಡೆ ಸರಿಸಿ, "ಹಂಗಾರ ಈಗ ಬರದದ್ದನ್ನರ ಓದ್ರಿ," ಅಂದಳು.

"ಯವ್ವಾ, ಅಕ್ಕಗ ಚಾ ಕೊಡು," ಅಂತ ಓದಿದೆ.

ಆಕಿ ಎದ್ದು ಒಲಿ ಹಚ್ಚಿದಳು.