ಮನಿ ಮಂದಿ ಆಮ್ಯಾಲೆ

ನಮ್ಮ ಓಣಿಯ ಉರ್ದು ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಹೋಗಬೇಕೆಂದರೆ ಎರಡು ಬಸ್ಸು ಬದಲಿಸಬೇಕು. ನಾನೂ ಏಳಕ್ಕೆ ಮುಗಿಸಿ ಹೊಲಿಗೆ ಯಂತ್ರದ ಮುಂದೆ ಕೂತವಳು. ಹೋದ ಚುನಾವಣೆಯ ಹೊತ್ತಿಗೆ ಮಗಳು ಏಳನೆಯ ಪರೀಕ್ಷೆ ಬರೆದಿದ್ದಳು. "ಓಣ್ಯಾಗ ಎಂಟನೇತ್ತಾ ಆದ್ರ ಕಲೀಲಿ, ಇಲ್ಲಾಂದ್ರ ಸಾಕು," ಎಂದುಬಿಟ್ಟರು ನನ್ನ ಗಂಡ. ಗೋಕುಲ ರಸ್ತೆಯಲ್ಲಿ ಗಾಡಿ ರಿಪೇರಿ ಮಾಡುವ ಮನುಷ್ಯ, ಮಹಾ ಹಟಮಾರಿ. ನಾನೇನು ಕಡಿಮೆಯೇ? ಹಾಗಾದರೆ ಎಂಟನೆಯ ತರಗತಿಯನ್ನು ಓಣಿಗೇ ತರಿಸುತ್ತೇನೆ ಎಂದೆ. ಎಂಥ ಹುಚ್ಚಿ ನಾನು.

ನಮ್ಮ ಓಣಿಯ ಓಟು ಮಾವನವರ ಕಾಲದಿಂದ ಒಂದೇ ಪಕ್ಷಕ್ಕೆ. ಆ ಪಕ್ಷದವರು ಕೊರಳಿಗೆ ಹಾಕಿಕೊಳ್ಳುವ ಶಾಲುಗಳ ಅಂಚು ಹೊಲಿಯುವವಳೂ ನಾನೇ. ಅರ್ಜಿ ಬರೆಸಿ, ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿದೆ. ಅಭ್ಯರ್ಥಿ ಬರುತ್ತಾರೆಂದು ಹೆಂಗಸರೆಲ್ಲ ಸೇರಿ ಓಣಿ ತೊಳೆದೆವು, ಕುರ್ಚಿ ಹಾಕಿದೆವು, ಶರಬತ್ತು ಕಲಸಿಟ್ಟೆವು. ಜೀಪು ಹಲಗೆ ಬಾರಿಸಿಕೊಂಡು ಮೂಲೆಯವರೆಗೆ ಬಂದು ಪಕ್ಕದ ಓಣಿಗೆ ತಿರುಗಿತು.

ಪಕ್ಷದ ಕೆಲಸ ನೋಡಿಕೊಳ್ಳುವ ನನ್ನ ಚಾಚಾನನ್ನು ಹಿಡಿದು ಕೇಳಿದೆ. "ಇಲ್ಲಿ ಬಂದು ಟೈಮ್ ಯಾಕ ಹಾಳ ಮಾಡ್ಕೋಬೇಕವಾ? ನಮ್ಮವು ಗಟ್ಟಿ ಓಟು," ಎಂದ, ಹೆಮ್ಮೆಯಿಂದ. ಇನ್ನೊಂದು ಪಕ್ಷದವರಂತೂ ನಮ್ಮ ಓಣಿಯ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಶರಬತ್ತನ್ನು ನಾವೇ ಕುಡಿದೆವು.

ಮರುದಿನ ಚಾಚಾನನ್ನು ಮುಂದೆ ಮಾಡಿಕೊಂಡು, ಮೂವರು ಹೆಂಗಸರು ಅರ್ಜಿ ಹಿಡಿದು ಅಭ್ಯರ್ಥಿಯ ಮನೆಗೇ ಹೋದೆವು. ಕೂಡ್ರಿಸಿದರು, ಚಹಾ ಕೊಡಿಸಿದರು. ಅರ್ಜಿಯನ್ನು ಮಾತ್ರ ಬಿಚ್ಚದೆ ಮೇಜಿನ ಮೇಲಿಟ್ಟರು.

"ಅರ್ಜಿ ಯಾಕ ತಂಗಿ? ನೀವೇನು ಹೊರಗಿನವ್ರೇನು? ಮದಲ ಬೀಗರು ಬಿಜ್ಜರಿಗೆ ಬಡಸೂಣು. ಮನಿ ಮಂದಿ ಆಮ್ಯಾಲೆ."

ಚಾಚಾ ನಕ್ಕ. ನಾಚಿಕೆಗೇಡು, ನಾನೂ ನಕ್ಕೆ. ಆಟೋದಲ್ಲಿ ಕೂತ ಮೇಲೆ ಮೈಯೆಲ್ಲ ಉರಿಯತೊಡಗಿತು. ಮನೆ ಮಂದಿ ಆಮೇಲೆ ಉಣ್ಣುವುದು ಅಂದರೇನೆಂದು ಆ ಮನುಷ್ಯ ನನಗೆ ಹೇಳಬೇಕೇ? ಮದುವೆಯಾದಾಗಿನಿಂದ ಪ್ರತಿ ಈದ್‌ಗೂ ಅಡುಗೆ ಮಾಡಿದವಳು ನಾನು, ಕೊನೆಗೆ ಕೂತವಳೂ ನಾನು. ಅಷ್ಟೊತ್ತಿಗೆ ಮಾಂಸದ ತುಂಡುಗಳು ಮುಗಿದು ತಳ ಹಿಡಿದ ಅನ್ನ ಇರುತ್ತದೆ. ಆ ಅಭ್ಯರ್ಥಿ ಈ ಸರತಿಯಲ್ಲಿ ಒಂದು ದಿನವೂ ಕೂತವರಲ್ಲ.

"ಈ ಸಲ ನಾ ಓಟ್ ಹಾಕಂಗಿಲ್ಲ," ಎಂದೆ ಮನೆಯಲ್ಲಿ.

"ಹಾಕಬ್ಯಾಡ," ಎಂದರು ಗಂಡ. "ಆಮ್ಯಾಲೆ ಯಾರು ಗೆಲ್ತಾರ, ಗೊತ್ತೈತಿಲ್ಲೋ?"

ಗೊತ್ತಿತ್ತು. ಇನ್ನೊಂದು ಪಕ್ಷದ ಮೈಕಿನಲ್ಲಿ ನಮ್ಮ ಬಗ್ಗೆ ಏನೇನು ಆಡಿದ್ದರೆಂದು ಕಿವಿಯಾರೆ ಕೇಳಿದ್ದೆ. ನನಗೆ ಗೊತ್ತಿರುವುದು ಆ ಅಭ್ಯರ್ಥಿಗೂ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅರ್ಜಿ ಬಿಚ್ಚುವ ಗರಜು ಅವರಿಗೆ ಬೀಳಲಿಲ್ಲ. ಮತದಾನದ ದಿನ ಯಾರೂ ಬೇಡವೆನ್ನುವ ಕೊನೆಯ ಗುಂಡಿಯ ಮೇಲೆ ಬೆರಳಿಟ್ಟೆ. ಬೆರಳು ಮೇಲೆ ಸರಿಸಿ ಯಾವಾಗಿನದನ್ನೇ ಒತ್ತಿ ಹೊರಬಂದೆ. ಸಿಟ್ಟಿಗೆ ಅಳು ಬಂತು. ಬುರ್ಖಾ ಇತ್ತು, ಯಾರಿಗೂ ಕಾಣಲಿಲ್ಲ.

ನಮ್ಮ ಅಭ್ಯರ್ಥಿಯೇ ಗೆದ್ದರು. ಎಂಟನೆಯ ತರಗತಿ ಬರಲಿಲ್ಲ. ಮಗಳು ನನ್ನ ಪಕ್ಕದ ಯಂತ್ರಕ್ಕೆ ಕೂತಳು.

ಮೊನ್ನೆ ಮತ್ತೊಂದು ಚುನಾವಣೆಯ ಶಾಲುಗಳ ಗಂಟು ಬಂತು. ಚಾಚಾನ ಜೊತೆ ಪಕ್ಷದ ಇಬ್ಬರು ಊಟದ ಹೊತ್ತಿಗೆ ಬಂದಿದ್ದರು. ಬಡಿಸದೆ ಕಳಿಸಲು ಬರುತ್ತದೆಯೇ? ಅವರು ಉಂಡು ಎದ್ದ ಮೇಲೆ ನಾವಿಬ್ಬರೂ ಪಾತ್ರೆ ಎಳೆದುಕೊಂಡು ಕೂತೆವು. ಮಗಳು ತಳದ ಅನ್ನವನ್ನು ಸೌಟಿನಿಂದ ಕೆರೆಯುತ್ತ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲೆಂದೇ ಕೇಳಿದಳು.

"ಅಮ್ಮಿ, ಈ ಸಲ ಎಂಟನೇತ್ತಾ ತಂದ್ರ, ಇಷ್ಟ ದೊಡ್ಡಾಕಿನ್ನ ಕೂಡ್ರಿಸ್ಕೋತಾರೇನು?"

ನಾನು ಅವಳ ತಾಟಿಗೆ ಅನ್ನ ಹಾಕಿದೆ.